ಚಿಕ್ಕಪ್ಪನ ಕುದುರೆ ಲಾಯ, ಚಿಕ್ಕಮ್ಮನ ಗೊಬ್ಬರ ಗುಂಡಿ

ಉಡುಪಿ ಹತ್ತಿರದ ಕಟಪಾಡಿಯಿಂದ ಶಿರ್ವಕ್ಕೆ ಹೋಗುವ ರೋಡಲ್ಲಿ ಶಂಕರಪುರ ದಾಟಿ ಸ್ವಲ್ಪ ಒಳಗೆ ಹೋದ್ರೆ ಚಿಕ್ಕಪ್ಪನ ಜಾಗ. ಐದು ಕುದುರೆ ಉಂಟು, ಎರಡು ಮಾರ್ವಾಡಿ ತಳಿದು, ಮೂರು ಬೆಂಗಳೂರಲ್ಲಿ ರೇಸ್ ಓಡಿ ರಿಟೈರ್ ಆದದ್ದು. ಶುರುವಲ್ಲಿ ಬರೀ ರೈಡಿಂಗ್ ಕ್ಲಾಸ್, ಮಕ್ಕಳು ಬರ್ತಾರೆ, ಫೀಸಲ್ಲೇ ಕುದುರೆ ಸಾಕ್ಬಹುದು ಅಂತ ಲೆಕ್ಕ ಹಾಕಿದ್ರು. ಆದ್ರೆ ನಮ್ಮ ಊರಿನ ಮಳೆ ಗೊತ್ತುಂಟಲ್ಲ, ಜೂನಿಂದ ಸೆಪ್ಟೆಂಬರ್ ತನಕ ಗ್ರೌಂಡಿಡೀ ಕೆಸರು, ಕ್ಲಾಸ್ ಬಂದ್, ಕುದುರೆ ತಿನ್ನುದು ಬಂದ್ ಆಗ್ತದಾ? ಒಂದಕ್ಕೆ ದಿನಕ್ಕೆ ಎಂಟು ಹತ್ತು ಕಿಲೋ ಮೇವು ಬೇಕು, ಹುರುಳಿ ಬೂಸ ಎಲ್ಲ ಸೇರಿ. ಆರೆಂಟು ವಾರಕ್ಕೊಮ್ಮೆ ಗೊರಸು ಕೆತ್ತಿ ಲಾಳ ಹೊಡಿಯುವವರನ್ನು ದೂರದಿಂದ ಕರೆಸ್ಬೇಕು.

ಮಳೆಗಾಲದಲ್ಲಿ ನಾನು ಹೋದ್ರೆ ನನ್ನ ಕೆಲಸ ಗೊರಸು ಕ್ಲೀನ್ ಮಾಡುದು. ಕಾಲು ಮಡಚಿ ಮಂಡಿ ಮೇಲೆ ಇಟ್ಕೊಂಡು ಕೊಕ್ಕೆಯಲ್ಲಿ ಕೆಸರು ಕೆರೀಬೇಕು, ಅಡಿಯಲ್ಲಿ ಮೂರು ಮೂಲೆಯ ಮೆತ್ತಗಿನ ಭಾಗ ಉಂಟು, ಅದರ ಬದಿಯ ಸಂದಿಯಲ್ಲಿ ಒದ್ದೆ ನಿಂತ್ರೆ ಕಪ್ಪಾಗಿ ಕೊಳೆತು ಎಂತ ವಾಸನೆ ಮಾರಾಯ್ರೇ. ದಿನಾ ನೋಡದಿದ್ರೆ ಕುದುರೆ ಕುಂಟ್ಲಿಕ್ಕೆ ಶುರು ಮಾಡ್ತದೆ.

ಮದುವೆ ದಿಬ್ಬಣಕ್ಕೆ ಕಳಿಸಿ ನೋಡಿದ್ರು. ಒಂದು ಕಡೆ ಡಿಜೆ ಬಾಕ್ಸ್ ಪಕ್ಕದಲ್ಲೇ ನಿಲ್ಲಿಸಿ ಪಟಾಕಿ ಹೊಡೆದ್ರು, ಪಾಪ ಹೆಣ್ಣು ಕುದುರೆ ಮೈಯೆಲ್ಲ ಬೆವರಿ ನಡುಗಿತ್ತು, ಮನೆಗೆ ಬಂದು ರಾತ್ರಿಯಿಡೀ ಮೇವು ಮುಟ್ಲಿಲ್ಲ. ಮರುದಿನವೇ ಚಿಕ್ಕಪ್ಪ ದಿಬ್ಬಣ ಬಂದ್ ಮಾಡಿದ್ರು. ದುಡ್ಡು ಒಳ್ಳೆದಿತ್ತು, ಆದ್ರೂ ಅವರು ಮಾಡಿದ್ದೇ ಸರಿ ಅಂತ ನಾನು ಹೇಳುದು. ಈಗ ಫೋಟೋ ಶೂಟ್ ಉಂಟು, ಎರಡು ರೂಮ್ ಬಾಡಿಗೆಗೆ ಕೊಡ್ತಾರೆ, ಬೆಳಿಗ್ಗೆ ನೀರ್ದೋಸೆ.

ಆದ್ರೆ ನಿಜವಾಗಿ ಲಾಯ ಉಳಿಸಿದ್ದು ಲದ್ದಿ. ಒಂದು ಕುದುರೆ ದಿನಕ್ಕೆ ಹದಿನೈದು ಇಪ್ಪತ್ತು ಕಿಲೋ ಹಾಕ್ತದೆ, ಮೊದ್ಲು ಹಲಸಿನ ಮರದ ಬುಡದಲ್ಲಿ ರಾಶಿ ಹಾಕಿ ಬಿಡ್ತಿದ್ರು. ಪಕ್ಕದ ಮನೆ ಬಾಯಮ್ಮ ಎರಡು ಗೋಣಿ ಹಸಿ ಲದ್ದಿ ಕೊಂಡೋಗಿ ಮಲ್ಲಿಗೆ ಬುಡಕ್ಕೆ ಹಾಕಿದ್ರು, ಹದಿನೈದು ದಿನದಲ್ಲಿ ಗಿಡಕ್ಕಿಂತ ಹುಲ್ಲೇ ಜಾಸ್ತಿ. ಕುದುರೆ ದನದ ಹಾಗೆ ಮೆಲುಕು ಹಾಕುದಿಲ್ಲ ಅಲ್ವಾ, ತಿಂದ ಹುಲ್ಲಿನ ಬೀಜ ಎಷ್ಟೋ ಹಾಗೇ ಹೊರಗೆ ಬರ್ತದೆ. ಚಿಕ್ಕಮ್ಮನಿಗೆ ತುಂಬ ಬೇಜಾರಾಯ್ತು, ಅವರೇ ಹೋಗಿ ಕಳೆ ಕಿತ್ತು ಕೊಟ್ಟು ಬಂದ್ರು. ಆಮೇಲೆ ಗುಂಡಿ ತೋಡ್ಸಿ ಲದ್ದಿ, ತರಗೆಲೆ, ಬೈಹುಲ್ಲು ಪದರ ಪದರ ಹಾಕಿ ಆಗಾಗ ಮಗುಚಿ ಮೂರು ತಿಂಗಳು ಬಿಡ್ತಾರೆ. ನಾನು ಒಮ್ಮೆ ನಡುವಿಗೆ ಕೈ ಹಾಕಿದೆ, ಇಡ್ಲಿಕ್ಕೆ ಆಗ್ಲಿಲ್ಲ, ಅಷ್ಟು ಬಿಸಿ, ಆ ಬಿಸಿಗೇ ಬೀಜ ಸಾಯುದು. ಆದ ಗೊಬ್ಬರ ಚಿಕ್ಕಮ್ಮ ಮುಷ್ಟಿಯಲ್ಲಿ ಹಿಂಡಿ ನೋಡ್ತಾರೆ, ಉಂಡೆ ನಿಲ್ಬೇಕು, ನೀರು ಇಳಿಬಾರ್ದು, ಲದ್ದಿ ವಾಸನೆ ಹೋಗಿ ಮಣ್ಣಿನ ವಾಸನೆ ಬರ್ಬೇಕು.

ಈಗ ಸುತ್ತಿನ ಮಲ್ಲಿಗೆ ಬೆಳೆಯುವವರೇ ಬಂದು ಗೋಣಿ ಬುಕ್ ಮಾಡಿ ಹೋಗ್ತಾರೆ. ಕಟ್ಟಿದ ಮಲ್ಲಿಗೆಯ ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡು ಅಂದ್ರೆ ಒಂದು ಅಟ್ಟೆ, ಅದರ ರೇಟ್ ದಿನಾ ಏರಿ ಇಳಿತದೆ, ಚಿಕ್ಕಮ್ಮ ಮಾತ್ರ ಗೋಣಿಗೆ ವರ್ಷವಿಡೀ ಒಂದೇ ರೇಟ್ ತಕ್ಕೊಳ್ಳುದು. ಬಾಯಮ್ಮನಿಂದ ಅದೂ ಇಲ್ಲ.

ಕಳೆದ ಮಳೆಗೆ ಗುಂಡಿಯೊಳಗೆ ನೀರು ನುಗ್ಗಿ ಅರ್ಧ ಗೊಬ್ಬರ ತೊಳೆದು ಹೋಯ್ತು. ಈ ಸಲ ಪತ್ತನಾಜೆ, ಅಂದ್ರೆ ಮಳೆಗಾಲಕ್ಕೆ ಮುಂಚೆ ಮೇ ಕೊನೆಗೆ ಬರುವ ತುಳುವರ ಹಬ್ಬದ ದಿನ, ಅದರ ಒಳಗೆ ಗುಂಡಿ ಮೇಲೆ ಶೀಟ್ ಹಾಕಿ ಆಗ್ಬೇಕು, ಬರುವ ಆದಿತ್ಯವಾರ ಕಂಬ ಹುಗಿಲಿಕ್ಕೆ ನಾನೂ ಹೋಗ್ತೇನೆ.