ಜಪಾನಿನ ವರ್ಷಾಂತ್ಯದ ಆರು ದಿನಗಳು

ಜಪಾನಿನಲ್ಲಿ ಡಿಸೆಂಬರ್ 25 ರಜೆಯ ದಿನವಲ್ಲ. ಅಂಗಡಿಗಳ ಮುಂದೆ ದೀಪಾಲಂಕಾರವಿರುತ್ತದೆ, ಮೇಲೆ ಸ್ಟ್ರಾಬೆರಿ ಇಟ್ಟ ಬಿಳಿ ಕೇಕನ್ನು ಜನ ಕಚೇರಿ ಮುಗಿಸಿ ಮನೆಗೆ ಒಯ್ಯುತ್ತಾರೆ, ಹುರಿದ ಕೋಳಿಗಾಗಿ ಸಾಲುಗಟ್ಟಿ ನಿಲ್ಲುತ್ತಾರೆ. ಮರುದಿನ ಬೆಳಗಾಗುವಷ್ಟರಲ್ಲಿ ಆ ಅಲಂಕಾರವೆಲ್ಲ ಇಳಿದು, ಅದೇ ಬಾಗಿಲುಗಳ ಎರಡೂ ಬದಿಗೆ ಬಿದಿರು ಮತ್ತು ಪೈನ್ ರೆಂಬೆಗಳಿಂದ ಕಟ್ಟಿದ ಕದೊಮತ್ಸು ಬಂದು ನಿಂತಿರುತ್ತದೆ. ಅಲ್ಲಿನವರ ನಿಜವಾದ ಹಬ್ಬ ಹೊಸ ವರ್ಷ. ಕಾನೂನಿನ ಲೆಕ್ಕದಲ್ಲಿ ರಾಷ್ಟ್ರೀಯ ರಜೆ ಜನವರಿ 1 ಒಂದೇ ಆದರೂ ಸರ್ಕಾರಿ ಕಚೇರಿಗಳು ಡಿಸೆಂಬರ್ 29ರಿಂದ ಜನವರಿ 3ರವರೆಗೆ ಮುಚ್ಚಿರುತ್ತವೆ, ಬ್ಯಾಂಕುಗಳು 31ರಿಂದ 3ರವರೆಗೆ ಬಾಗಿಲು ತೆರೆಯುವುದಿಲ್ಲ, ಬಹುಪಾಲು ಕಂಪನಿಗಳೂ ಕ್ಲಿನಿಕ್ಕುಗಳೂ ಇದೇ ಕ್ರಮವನ್ನು ಅನುಸರಿಸುತ್ತವೆ.

ಇದನ್ನು ಈಗ ಬರೆಯುವುದಕ್ಕೆ ಕಾರಣವಿದೆ. ಆಲ್ದೂರಿನ ನಮ್ಮ ಚಿಕ್ಕಮ್ಮನ ಮಗ ಕೆಲಸಕ್ಕೆಂದು ಜಪಾನಿಗೆ ಹೊರಟಿದ್ದಾನೆ. ನಾನು ಟೋಕಿಯೊ ಪಕ್ಕದ ಕಾವಾಸಾಕಿ ನಗರದಲ್ಲಿ ಹಲವು ವರ್ಷ ಸಂಸಾರ ಮಾಡಿ ಚಿಕ್ಕಮಗಳೂರಿಗೆ ಮರಳಿದವನಾದ್ದರಿಂದ ಚಿಕ್ಕಮ್ಮ ತಮ್ಮ ಚಿಂತೆಯನ್ನೆಲ್ಲ ನನ್ನ ಮುಂದಿಟ್ಟರು. "ಆರು ದಿನ ಊರಿಗೆ ಊರೇ ಬಾಗಿಲು ಹಾಕ್ತದಂತಲ್ಲ ಮಾರಾಯ, ಹುಡುಗ ಹೊಟ್ಟೆಗೆ ಏನು ತಿಂತಾನೆ?" ಎಂಬುದು ಅವರ ಮೊದಲ ಪ್ರಶ್ನೆ. ಡಿಸೆಂಬರ್ ಎಂದರೆ ನಮ್ಮಲ್ಲಿ ಅರೇಬಿಕಾ ಕಾಫಿ ಹಣ್ಣಿನ ಕೊಯ್ಲಿನ ತಿಂಗಳು. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಓಡುತ್ತಿರುತ್ತದೆ, ಕಣದಲ್ಲಿ ಕಾಫಿ ಹರಡಿರುತ್ತದೆ, ಮೋಡ ಕವಿದರೆ ಮನೆಮಂದಿಗೆಲ್ಲ ಆತಂಕ. ಅದೇ ವಾರ ಮುಳ್ಳಯ್ಯನಗಿರಿಯ ದಾರಿ ಪ್ರವಾಸಿಗರ ವಾಹನಗಳಿಂದ ಕಟ್ಟಿಕೊಂಡು, ಹೋಮ್‌ಸ್ಟೇಗಳೆಲ್ಲ ತುಂಬಿರುತ್ತವೆ. ವರ್ಷದ ಕೊನೆಯೆಂದರೆ ಗದ್ದಲವೆಂದೇ ತಿಳಿದ ಊರಿನಿಂದ ಹೋಗುವವನಿಗೆ, ಒಂದು ಮಹಾನಗರ ತಾನಾಗಿಯೇ ಸುಮ್ಮನಾಗುವುದು ಹೇಗಿರುತ್ತದೆಂದು ಮುಂಚಿತವಾಗಿ ಹೇಳಿಡುವುದು ಒಳ್ಳೆಯದು. ಆ ಹಬ್ಬ ಬೀದಿಯದ್ದಲ್ಲ, ಮನೆಯೊಳಗಿನದು. ಹೊರಗಿನ ಸಂಭ್ರಮಕ್ಕಾಗಿ ಕಾಯುತ್ತ ಕುಳಿತ ಪರದೇಶಿಗೆ ಆ ವಾರ ಬಹಳ ಒಂಟಿತನದ್ದಾಗುತ್ತದೆ; ಅಕ್ಕಪಕ್ಕದವರು ಮಾಡುವ ಮನೆಗೆಲಸವನ್ನು ತಾನೂ ಮಾಡತೊಡಗಿದವನಿಗೆ ಅದರಲ್ಲಿ ಜಾಗ ಸಿಗುತ್ತದೆ. ಇದು ನಾನು ಅಲ್ಲಿ ಬದುಕಿ ಕಂಡುಕೊಂಡ ಮಾತು.

ಸಿದ್ಧತೆ ಶುರುವಾಗುವುದು ನವೆಂಬರಿನಲ್ಲಿ, ಅದೂ ಕಾಗದಪತ್ರಗಳಿಂದ. ಕಂಪನಿಯವರು ನೌಕರರ ವರ್ಷದ ಆದಾಯ ತೆರಿಗೆಯ ಲೆಕ್ಕವನ್ನು ಸರಿಪಡಿಸಿ, ಹೆಚ್ಚು ಹಿಡಿದಿದ್ದರೆ ಸಾಮಾನ್ಯವಾಗಿ ಡಿಸೆಂಬರ್ ಸಂಬಳದೊಂದಿಗೆ ಹಿಂದಿರುಗಿಸುತ್ತಾರೆ. ಊರಿನಲ್ಲಿರುವ ತಂದೆತಾಯಿಯರನ್ನು ಅವಲಂಬಿತರೆಂದು ತೋರಿಸಬೇಕಾದರೆ ಸಂಬಂಧದ ದಾಖಲೆಯೂ ಹಣ ಕಳಿಸಿದ ದಾಖಲೆಯೂ ಬೇಕು. 2023ರಿಂದ ನಿಯಮ ಬಿಗಿಯಾಗಿದೆ: ಹೊರದೇಶದಲ್ಲಿರುವ, 30 ತುಂಬಿದ ಆದರೆ 70 ತುಂಬದ ಬಂಧುವಿಗೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ವರ್ಷಕ್ಕೆ ಕನಿಷ್ಠ 3 ಲಕ್ಷ 80 ಸಾವಿರ ಯೆನ್ ಕಳಿಸಿದ್ದರೆ ಮಾತ್ರ ರಿಯಾಯಿತಿ ದೊರೆಯುತ್ತದೆ. ಅಪ್ಪನ ಖಾತೆಗೆ ಇಬ್ಬರ ಹಣವನ್ನೂ ಒಟ್ಟಿಗೆ ಹಾಕಿದರೆ ಅದು ಅಮ್ಮನ ಲೆಕ್ಕಕ್ಕೆ ಬರುವುದಿಲ್ಲ. ಇಬ್ಬರ ಹೆಸರಿಗೂ ಬೇರೆಬೇರೆಯಾಗಿ ಹೋಗಬೇಕು. ಚಿಕ್ಕಮ್ಮನ ಹೆಸರಿನಲ್ಲಿ ಒಂದು ಪ್ರತ್ಯೇಕ ಖಾತೆ ತೆರೆಸಿರೆಂದು ಇದಕ್ಕಾಗಿಯೇ ಹೇಳಿದ್ದೇನೆ.

ಇನ್ನು ಕಸ. ವರ್ಷದ ಕೊನೆಯ ಒಂದೆರಡು ದಿನಗಳಿಂದ ಜನವರಿ 3ರವರೆಗೆ ಬಹಳ ಕಡೆ ಕಸದ ಗಾಡಿ ಬರುವುದಿಲ್ಲ. ಹಸಿ ಕಸ, ಪ್ಲಾಸ್ಟಿಕ್, ಬಾಟಲಿ, ಕಾಗದ ಒಂದೊಂದಕ್ಕೂ ಒಂದೊಂದು ಕೊನೆಯ ದಿನವಿದ್ದು, ಅದರ ಪಟ್ಟಿಯನ್ನು ಕಸ ಇಡುವ ಜಾಗದಲ್ಲೇ ಅಂಟಿಸಿರುತ್ತಾರೆ. ಹಳೆಯ ಹಾಸಿಗೆ, ಕುರ್ಚಿಗಳಂಥ ದೊಡ್ಡ ಸಾಮಾನನ್ನು ಎಸೆಯಲು ಮೊದಲೇ ಕಾದಿರಿಸಿ ಶುಲ್ಕ ಕಟ್ಟಬೇಕು. ಡಿಸೆಂಬರ್ ನಡುವಿನ ಹೊತ್ತಿಗೆ ಆ ಸರದಿ ತುಂಬಿಹೋಗಿರುತ್ತದೆ. ದೇಶವೆಲ್ಲ ಒಂದೇ ವಾರದಲ್ಲಿ ಮನೆ ತೊಳೆಯುವುದೇ ಇದಕ್ಕೆ ಕಾರಣ. ಆ ಶುಚಿಕಾರ್ಯಕ್ಕೆ ಓಸೋಜಿ ಎನ್ನುತ್ತಾರೆ. ಹೊಸ ವರ್ಷದ ದೇವತೆ ಮನೆಗೆ ಬರುವ ಮುನ್ನ ಹಳೆಯ ವರ್ಷದ ಧೂಳು ಹೊರಹೋಗಬೇಕೆಂಬುದು ಅದರ ಹಿಂದಿನ ನಂಬಿಕೆ. ಡಿಸೆಂಬರ್ 28ರ ಹೊತ್ತಿಗೆ ಕಚೇರಿಯಲ್ಲಿ ಕೊನೆಯ ದಿನವೆಂದು ಎಲ್ಲರೂ ತಮ್ಮ ತಮ್ಮ ಮೇಜು ಒರೆಸುತ್ತಾರೆ, ಮನೆಗೆ ಬಂದರೆ ಕಿಟಕಿ, ಬಾಲ್ಕನಿ, ಸ್ನಾನದ ಮನೆ. ನಮ್ಮ ಮನೆಯಲ್ಲಿ ಅತಿ ದೊಡ್ಡ ಕೆಲಸವೆಂದರೆ ಒಲೆಯ ಮೇಲಿನ ಹೊಗೆ ಎಳೆಯುವ ಫ್ಯಾನು. ವರ್ಷವಿಡೀ ಹಾಕಿದ ಒಗ್ಗರಣೆಯ ಎಣ್ಣೆ ಅದರಲ್ಲಿ ಅಂಟಾಗಿ ಕೂತಿರುತ್ತಿತ್ತು. ಬಿಚ್ಚಿ, ಬಿಸಿನೀರಿನಲ್ಲಿ ಸೋಡಾ ಹಾಕಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತಿದ್ದೆವು. ಒಂದು ಡಿಸೆಂಬರಿನಲ್ಲಿ ಅದನ್ನು ಬಾಲ್ಕನಿಯಲ್ಲಿ ಒಣಗಿಸುತ್ತಿದ್ದಾಗ ಪಕ್ಕದ ಮನೆಯ ಅಜ್ಜಿ ಕಂಡು, ಮೊದಲ ಸಲ ತಾವಾಗಿಯೇ ಮಾತನಾಡಿಸಿದರು. ಅದೇ ಸಂಜೆ ಸಿಹಿ ಪಾಕದಲ್ಲಿ ಬೇಯಿಸಿದ ಕಪ್ಪು ಸೋಯಾ ಕಾಳನ್ನು ಒಂದು ಡಬ್ಬಿಯಲ್ಲಿ ತಂದು, ಇದರಲ್ಲಿ ಮೀನಿನ ಅಂಶ ಇಲ್ಲವೆಂದು ನನ್ನ ಹೆಂಡತಿಗೆ ಎರಡೆರಡು ಸಲ ಹೇಳಿ ಕೊಟ್ಟರು. ನಾವು ಸಸ್ಯಾಹಾರಿಗಳೆಂಬುದನ್ನು ಅವರು ಎಂದೋ ಗಮನಿಸಿಟ್ಟಿದ್ದರು.

ಹೊಸ ವರ್ಷದ ಅಂಚೆ ಕಾರ್ಡುಗಳ ಬಗ್ಗೆ ಹೇಳಲೇಬೇಕು. ಡಿಸೆಂಬರ್ 15ರಿಂದ 25ರೊಳಗೆ ಡಬ್ಬಿಗೆ ಹಾಕಿದ ನೆಂಗಾಜೊ ಕಾರ್ಡುಗಳನ್ನೆಲ್ಲ ಅಂಚೆಯವರು ಹಿಡಿದಿಟ್ಟು, ಜನವರಿ 1ರ ಬೆಳಿಗ್ಗೆ ಮನೆಮನೆಗೆ ಮುಟ್ಟಿಸುತ್ತಾರೆ. ಈ ಪದ್ಧತಿ ಈಗ ಕುಗ್ಗುತ್ತಿದೆ. 2004ರ ಹೊಸ ವರ್ಷಕ್ಕೆ 440 ಕೋಟಿಗೂ ಹೆಚ್ಚು ಕಾರ್ಡು ಅಚ್ಚು ಹಾಕಿದ್ದ ಅಂಚೆ ಸಂಸ್ಥೆ 2025ಕ್ಕೆ ಸುಮಾರು 107 ಕೋಟಿಗೆ ಇಳಿಯಿತು. 2024ರ ಅಕ್ಟೋಬರಿನಲ್ಲಿ ಕಾರ್ಡಿನ ಬೆಲೆ 63 ಯೆನ್‌ನಿಂದ 85ಕ್ಕೆ ಏರಿತು. ಆದರೂ ಚಿಕ್ಕಮ್ಮನ ಮಗನಿಗೆ ನಾನು ಹೇಳುವುದು, ಕಚೇರಿಯ ಹಿರಿಯರಿಗೂ ಬಾಡಿಗೆ ಮನೆಯ ಯಜಮಾನರಿಗೂ ಒಂದೊಂದು ಕಾರ್ಡು ಕೈಬರಹದಲ್ಲಿ ಬರೆ ಎಂದು.

ಅದರ ಜೊತೆಗೆ ಇನ್ನೊಂದು ಕಾರ್ಡು ಇದೆ, ನನಗೆ ಅದು ಹೆಚ್ಚು ಹತ್ತಿರದ್ದು. ಆ ವರ್ಷ ಮನೆಯಲ್ಲಿ ಸಾವಾಗಿದ್ದರೆ, ನಾವು ಶೋಕದಲ್ಲಿರುವುದರಿಂದ ಹೊಸ ವರ್ಷದ ಶುಭಾಶಯ ಕಳಿಸುತ್ತಿಲ್ಲ ಎಂದು ತಿಳಿಸುವ ಕಾರ್ಡನ್ನು ನವೆಂಬರ್ ಕೊನೆ, ಡಿಸೆಂಬರ್ ಮೊದಲ ವಾರದ ಹೊತ್ತಿಗೇ ಕಳಿಸುತ್ತಾರೆ. ಅದನ್ನು ಪಡೆದವರು ಆ ಮನೆಗೆ ಶುಭಾಶಯದ ಕಾರ್ಡು ಹಾಕುವುದಿಲ್ಲ; ಬಾಗಿಲಿಗೆ ಅಲಂಕಾರವಿಲ್ಲ, ಹಬ್ಬದಡುಗೆಯಿಲ್ಲ. ನನ್ನ ತಂದೆ ತೀರಿಕೊಂಡ ವರ್ಷ ನಾನು ಇಂಥ ಕಾರ್ಡುಗಳನ್ನು ಬರೆದೆ. ನಮ್ಮಲ್ಲೂ ವರ್ಷಾಬ್ದಿಕ ಮುಗಿಯುವವರೆಗೆ ಹಬ್ಬವಿಲ್ಲ ಎಂಬುದನ್ನು ಯಾರಿಗೂ ವಿವರಿಸುವ ಅಗತ್ಯವೇ ಬೀಳಲಿಲ್ಲ. ಜನವರಿ 4ರಂದು ಕಚೇರಿಗೆ ಹೋದಾಗ ಎಲ್ಲರಿಗೂ ಹೊಸ ವರ್ಷದ ಶುಭಾಶಯ ಹೇಳುತ್ತಿದ್ದ ಸಹೋದ್ಯೋಗಿಗಳು ನನ್ನ ಮೇಜಿನ ಬಳಿ ಬಂದಾಗ ಮಾತ್ರ, ಈ ವರ್ಷವೂ ನಿಮ್ಮ ಸಹಕಾರವಿರಲಿ ಎಂದಷ್ಟೇ ಹೇಳಿ ತಲೆಬಾಗಿದರು. ಇಷ್ಟು ದೂರದ ನಾಡಿನಲ್ಲಿ ನನ್ನ ಮನೆಯ ಸೂತಕಕ್ಕೆ ಇಷ್ಟು ಅಚ್ಚುಕಟ್ಟಾದ ಗೌರವ ಸಿಕ್ಕಿತೆಂಬುದನ್ನು ನೆನೆದರೆ ಈಗಲೂ ಮನಸ್ಸು ತುಂಬುತ್ತದೆ.

ಚಿಕ್ಕಮ್ಮನ ಮೊದಲ ಪ್ರಶ್ನೆಗೆ ಬರುತ್ತೇನೆ. ಹಸಿವಿನಿಂದ ಯಾರೂ ಇರಬೇಕಾಗಿಲ್ಲ. ಕನ್ವೀನಿಯನ್ಸ್ ಅಂಗಡಿಗಳು ಹೆಚ್ಚಿನವು ತೆರೆದೇ ಇರುತ್ತವೆ. ಸೂಪರ್ ಮಾರ್ಕೆಟ್ಟುಗಳು ಜನವರಿ 1ರಂದು, ಕೆಲವು 2 ಅಥವಾ 3ರವರೆಗೂ ಮುಚ್ಚುವುದರಿಂದ ಅಕ್ಕಿ, ಬೇಳೆ, ತರಕಾರಿ, ಹಾಲನ್ನು 29ರೊಳಗೆ ತಂದಿಟ್ಟುಕೊಳ್ಳಬೇಕು. ಆಮೇಲೆ ಹೋದರೆ ಅಂಗಡಿಯ ಹಲಗೆಗಳ ತುಂಬ ಹಬ್ಬದ ಮೀನಿನ ಪದಾರ್ಥಗಳೇ. ಅರಗಿನ ಡಬ್ಬಿಗಳಲ್ಲಿ ಜೋಡಿಸಿಡುವ ಓಸೆಚಿ ಎಂಬ ಹಬ್ಬದ ಊಟ ಮೂರು ದಿನ ಕೆಡದಂತೆ ಸಕ್ಕರೆ, ಸೋಯಾ ಸಾಸು, ವಿನಿಗರ್ ಹಾಕಿ ಮಾಡಿದ್ದು. ಅಡುಗೆಯ ಹೆಂಗಸರಿಗೂ ಹಬ್ಬದಲ್ಲಿ ಬಿಡುವು ಸಿಗಲೆಂದು ಈ ಏರ್ಪಾಡು ಎನ್ನುತ್ತಾರೆ. ಅದರಲ್ಲಿ ಬಹುಪಾಲು ಮೀನು, ಸಿಗಡಿ. ನಮ್ಮಂಥವರಿಗೆ ಕಪ್ಪು ಕಾಳು ಮತ್ತು ಗೆಣಸು ಸೇರಿಸಿದ ಚೆಸ್ಟ್‌ನಟ್ ಸಿಹಿಯಂಥ ಕೆಲವೇ ಪದಾರ್ಥಗಳು ದಕ್ಕುತ್ತವೆ.

31ರ ರಾತ್ರಿ ಎಲ್ಲರೂ ಸೊಬಾ ತಿನ್ನುತ್ತಾರೆ. ಬಕ್‌ವೀಟ್ ಎಂಬ ಧಾನ್ಯದ ಶಾವಿಗೆ ಅದು. ಅದರ ಸಾರನ್ನು ಒಣಗಿಸಿದ ಬೊನಿಟೊ ಮೀನಿನ ಚಕ್ಕೆಗಳಿಂದ ಇಳಿಸುತ್ತಾರಾದ್ದರಿಂದ ಹೋಟೆಲಿನದು ಸಸ್ಯಾಹಾರವಾಗುವುದಿಲ್ಲ. ಕೊಂಬು ಎಂಬ ಕಡಲ ಸೊಪ್ಪು ಮತ್ತು ಒಣ ಶಿತಾಕೆ ಅಣಬೆಯನ್ನು ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿಟ್ಟರೆ ಅದೇ ಬಗೆಯ ಗಾಢ ರುಚಿಯ ಸಾರು ಬರುತ್ತದೆ. ಸೋಯಾ ಸಾಸು, ಹಸಿ ಈರುಳ್ಳಿ ಸೊಪ್ಪು ಹಾಕಿದರೆ ಸಾಕು. ಜನವರಿ 1ರಂದು ತಿನ್ನುವ, ಮೊಚಿ ಎಂಬ ಅಕ್ಕಿಯ ಉಂಡೆ ಹಾಕಿದ ಒಜೋನಿ ಸಾರೂ ಹಾಗೆಯೇ. ಟೋಕಿಯೊ ಕಡೆ ತಿಳಿಸಾರಿನಲ್ಲಿ ಸುಟ್ಟ ಚೌಕಾಕಾರದ ಮೊಚಿ, ಕ್ಯೋಟೊ ಕಡೆ ಬಿಳಿ ಮಿಸೊ ಸಾರಿನಲ್ಲಿ ದುಂಡನೆಯ ಮೊಚಿ. ಮೊಚಿ ಅಂಟಕ್ಕಿಯನ್ನು ಬೇಯಿಸಿ ಕುಟ್ಟಿ ಮಾಡಿದ್ದು. ಟೋಸ್ಟರಿನಲ್ಲಿ ಉಬ್ಬುವ ತನಕ ಸುಟ್ಟು ಬೆಲ್ಲದ ಪಾಕ ತುಪ್ಪದೊಂದಿಗೆ ತಿಂದರೆ ಬಹಳ ಚೆನ್ನ. ಆದರೆ ಅದು ಗಂಟಲಿಗೆ ಸಿಕ್ಕಿಕೊಂಡು ಪ್ರತಿ ಹೊಸ ವರ್ಷವೂ ಕೆಲವು ವೃದ್ಧರು ಸಾಯುತ್ತಾರೆ, ಟೋಕಿಯೊ ಅಗ್ನಿಶಾಮಕ ಇಲಾಖೆ ವರ್ಷವರ್ಷವೂ ಎಚ್ಚರಿಸುತ್ತದೆ. ಸಣ್ಣ ಸಣ್ಣ ತುಂಡು ಮಾಡಿ, ಮಾತಾಡದೆ ಅಗಿದು ತಿನ್ನಬೇಕು.

ಆ ರಾತ್ರಿ ಬಹಳಷ್ಟು ಮನೆಗಳಲ್ಲಿ ಎನ್‌ಎಚ್‌ಕೆ ವಾಹಿನಿಯ ಕೊಹಾಕು ಹಾಡಿನ ಸ್ಪರ್ಧೆ ಹಚ್ಚಿರುತ್ತಾರೆ. 1951ರಲ್ಲಿ ರೇಡಿಯೊದಲ್ಲಿ ಆರಂಭವಾದದ್ದು. ಅದು ಮುಗಿಯುತ್ತಿದ್ದಂತೆ ಬೌದ್ಧ ದೇವಾಲಯಗಳ ಗಂಟೆ ಕೇಳಿಬರುತ್ತದೆ, 108 ಸಲ. ಅಲ್ಲಿ ನಡುರಾತ್ರಿ ಹನ್ನೆರಡಾದಾಗ ಇಲ್ಲಿ ರಾತ್ರಿ ಎಂಟೂವರೆ. ಚಿಕ್ಕಮ್ಮ ಊಟಕ್ಕೆ ಕೂರುವ ಮುನ್ನ ಕರೆ ಮಾಡಿದರೆ ಮಗನ ಹೊಸ ವರ್ಷದ ಮೊದಲ ಮಾತು ಅವರೊಂದಿಗೇ ಆಗುತ್ತದೆ. ನನ್ನ ತಾಯಿ ಹಾಗೆಯೇ ಮಾಡುತ್ತಿದ್ದರು.

ಜನವರಿ 2ರ ಬೆಳಿಗ್ಗೆ ಮನೆಯೊಳಗೇ ಇರದಿರು ಎಂದು ಅವನಿಗೆ ಒತ್ತಿ ಹೇಳಿದ್ದೇನೆ. ಟೋಕಿಯೊದ ಒತೆಮಾಚಿಯಿಂದ ಹಾಕೊನೆ ಬೆಟ್ಟದ ಆಶಿನೊಕೊ ಸರೋವರಕ್ಕೆ ಹೋಗಿ, 3ರಂದು ಅದೇ ದಾರಿಯಲ್ಲಿ ಮರಳುವ ವಿಶ್ವವಿದ್ಯಾಲಯಗಳ ರಿಲೇ ಓಟ, ಹಾಕೊನೆ ಎಕಿದೆನ್, ಅಂದು ನಡೆಯುತ್ತದೆ. 1920ರಲ್ಲಿ ಶುರುವಾದ ಈ ಓಟದ ಒಟ್ಟು ದೂರ ಸುಮಾರು 217 ಕಿಲೋಮೀಟರ್, ಹೋಗಿಬರಲು ಹತ್ತು ಓಟಗಾರರು. ಎಂಟು ಗಂಟೆಗೆ ಹೊರಟವರು ಒಂಬತ್ತರ ಹೊತ್ತಿಗೆ ಕಾವಾಸಾಕಿ ದಾಟುತ್ತಾರೆ, ಮುಂದಿನ ತ್ಸುರುಮಿಯಲ್ಲಿ ಹೆಗಲ ಮೇಲಿನ ಪಟ್ಟಿಯನ್ನು ಬಿಚ್ಚಿ ಎರಡನೆಯವನಿಗೆ ಕೊಡುತ್ತಾರೆ. ಮುಂದಿನವರಿಂದ ತೀರಾ ಹಿಂದೆ ಬಿದ್ದ ತಂಡದವನು ಬರುವ ಮೊದಲೇ ಅವನ ಜೊತೆಗಾರನನ್ನು ಓಡಲು ಬಿಟ್ಟುಬಿಡುತ್ತಾರೆ. ಅವನು ತನ್ನ ಶಾಲೆಯ ಪಟ್ಟಿಯಿಲ್ಲದೆ ಓಡಬೇಕಾಗುತ್ತದೆ. ಚಳಿಯಲ್ಲಿ ರಸ್ತೆಯಂಚಿಗೆ ನಿಂತ ಅಪರಿಚಿತರೆಲ್ಲ ಕೊನೆಯವನಿಗೂ ಅಷ್ಟೇ ಕೂಗಿ ಹುರಿದುಂಬಿಸುವುದನ್ನು ನೋಡಲು ನಾವು ತಪ್ಪದೆ ಹೋಗುತ್ತಿದ್ದೆವು. ಆ ಆರು ದಿನಗಳಲ್ಲಿ ನೆರೆಹೊರೆಯವರೊಂದಿಗೆ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುವ ಅವಕಾಶ ಅದೊಂದೇ.

ಇಷ್ಟು ಶಾಂತವಾದ ವಾರವೂ ಸುರಕ್ಷಿತವೆಂದು ಹೇಳಲಾರೆ. 2024ರ ಜನವರಿ 1ರಂದು ಸಂಜೆ 4 ಗಂಟೆ 10 ನಿಮಿಷಕ್ಕೆ ನೊತೊ ಪರ್ಯಾಯದ್ವೀಪದಲ್ಲಿ 7.6ರ ತೀವ್ರತೆಯ ಭೂಕಂಪವಾಯಿತು. ಮೊಬೈಲುಗಳೆಲ್ಲ ಒಟ್ಟಿಗೆ ಕೂಗಿದವು, ನಮ್ಮ ಕಟ್ಟಡ ನಿಧಾನವಾಗಿ ತೂಗಿತು. ಟಿವಿಯಲ್ಲಿ ಸುದ್ದಿ ಓದುವ ಹೆಣ್ಣುಮಗಳು ಎಂದಿನ ಸಮಾಧಾನದ ದನಿ ಬಿಟ್ಟು, ಸುನಾಮಿ ಬರುತ್ತಿದೆ, ಈಗಲೇ ಓಡಿ ಎಂದು ಗಟ್ಟಿಯಾಗಿ ಹೇಳುತ್ತಲೇ ಇದ್ದರು. ಅಲ್ಲಿನ ವಾಜಿಮಾ ಪಟ್ಟಣದ ಬೆಳಗಿನ ಸಂತೆಯ ಬೀದಿ ರಾತ್ರಿಯಿಡೀ ಉರಿಯಿತು. ನೂರಾರು ಜನ ಸತ್ತರು. ಅವರಲ್ಲಿ ದೂರದ ನಗರಗಳಿಂದ ಹಬ್ಬಕ್ಕೆಂದು ತವರಿಗೆ ಬಂದಿದ್ದ ಮಕ್ಕಳು, ಮೊಮ್ಮಕ್ಕಳೂ ಇದ್ದರು. ಮರುದಿನ ಸಂಜೆ, ನಮ್ಮಿಂದ ತಾಮಾ ನದಿಯ ಆಚೆ ದಡದಲ್ಲಿರುವ ಹನೇದಾ ನಿಲ್ದಾಣದಲ್ಲಿ, ನೊತೊಗೆ ಪರಿಹಾರ ಸಾಮಗ್ರಿ ಒಯ್ಯಲಿದ್ದ ಕರಾವಳಿ ರಕ್ಷಣಾ ಪಡೆಯ ವಿಮಾನಕ್ಕೆ ಇಳಿಯುತ್ತಿದ್ದ ಪ್ರಯಾಣಿಕ ವಿಮಾನ ಡಿಕ್ಕಿಯಾಯಿತು. ಉರಿಯುವ ವಿಮಾನದಿಂದ 379 ಮಂದಿಯೂ ಪಾರಾದರು, ಪಡೆಯ ಆರು ಮಂದಿಯಲ್ಲಿ ಐವರು ಮಡಿದರು. ಆ ಎರಡು ದಿನ ಚಿಕ್ಕಮಗಳೂರಿನಿಂದ ಬಂದ ಕರೆಗಳಿಗೆ ಉತ್ತರಿಸುತ್ತಲೇ ಕಳೆದೆವು. ಆದ್ದರಿಂದ ಹುಡುಗನಿಗೆ ನನ್ನ ಕಟ್ಟಪ್ಪಣೆಯೆಂದರೆ, ನೀರು, ಟಾರ್ಚು, ಔಷಧಿ, ಪಾಸ್‌ಪೋರ್ಟಿನ ಪ್ರತಿ ಇರುವ ಒಂದು ಚೀಲ ಬಾಗಿಲ ಬಳಿ ಯಾವಾಗಲೂ ಇರಲಿ, ರಜೆಯಲ್ಲೂ ತೆರೆದಿರುವ ನಗರಸಭೆಯ ತುರ್ತು ಕ್ಲಿನಿಕ್ಕಿನ ವಿಳಾಸ ಗೋಡೆಯ ಮೇಲಿರಲಿ, ಆಂಬುಲೆನ್ಸಿನ 119 ಬಾಯಿಪಾಠವಾಗಿರಲಿ ಎಂಬುದು.

ರಜೆ ಮುಗಿಯುವ ಮುನ್ನ ಏಳು ಅದೃಷ್ಟ ದೇವತೆಗಳ ಯಾತ್ರೆಗೂ ಹೋಗಿಬರಬಹುದು. ಹೊಸ ವರ್ಷದ ಮೊದಲ ವಾರದಲ್ಲಿ ಜನ ಏಳು ದೇವಾಲಯಗಳನ್ನು ನಡೆದು ಸುತ್ತಿ, ಪ್ರತಿಯೊಂದರಲ್ಲೂ ಮುದ್ರೆ ಹಾಕಿಸಿಕೊಳ್ಳುತ್ತಾರೆ. ಆ ಏಳರಲ್ಲಿ ದಾಯ್ಕೊಕುತೆನ್ ನಮ್ಮ ಮಹಾಕಾಲ, ಬಿಶಾಮೊಂತೆನ್ ವೈಶ್ರವಣನಾದ ಕುಬೇರ, ಬೆಂಜಾಯ್ತೆನ್ ಸರಸ್ವತಿ; ಬೌದ್ಧಧರ್ಮದೊಡನೆ ಚೀನಾದ ಮೂಲಕ ಅಲ್ಲಿಗೆ ಹೋದವರು. ಕಾಮಾಕುರಾ ಹತ್ತಿರದ ಎನೊಶಿಮಾ ದ್ವೀಪದಲ್ಲಿ ಬಿವಾ ಎಂಬ ತಂತಿವಾದ್ಯ ಹಿಡಿದು ಕುಳಿತ ಬೆಂಜಾಯ್ತೆನ್ ಇದ್ದಾಳೆ. ಶೃಂಗೇರಿ ಇರುವ ಜಿಲ್ಲೆಯ ಹುಡುಗ ಅಲ್ಲಿಗೆ ಹೋಗಿ ಕೈಮುಗಿಯದೆ ಇರುವುದು ಹೇಗೆ ಎಂದು ಚಿಕ್ಕಮ್ಮ ಕೇಳಿದರು. ಜನವರಿ 2 ಅಥವಾ 3ರ ಮಧ್ಯಾಹ್ನ ಹೋಗಲಿ, ದಾರಿ ಹುಡುಕಬೇಕಾಗಿಲ್ಲ, ಜನರ ಹಿಂದೆ ನಡೆದರೆ ಸಾಕು ಎಂದೆ.

ಈಗ ಅವರು ಸಾಮಾನು ಕಟ್ಟುತ್ತಿದ್ದಾರೆ. ಹಸಿ ಕರಿಬೇವು, ನಿಂಬೆ, ಮಾವಿನಕಾಯಿಯನ್ನು ಸಸ್ಯ ತಪಾಸಣೆಯ ನಿಯಮದಿಂದಾಗಿ ಹೀಗೆ ಸುಮ್ಮನೆ ಜಪಾನಿನೊಳಕ್ಕೆ ಒಯ್ಯುವಂತಿಲ್ಲವೆಂದು ಹೇಳಿ ತೆಗೆಸಿದ್ದೇನೆ. ಸಾರಿನ ಪುಡಿ ಮತ್ತು ಹುರಿದು ಪುಡಿ ಮಾಡಿದ ತೋಟದ ಕಾಫಿ ಉಳಿದಿವೆ. ಕಾಫಿಯನ್ನು ಎರಡು ಬೇರೆ ಪೊಟ್ಟಣ ಮಾಡಿಸಿದ್ದೇನೆ. ಒಂದು ಅವನಿಗೆ, ಇನ್ನೊಂದನ್ನು ಡಿಸೆಂಬರ್ 28ರಂದು ಕಿಟಕಿ ತೊಳೆದು ಮುಗಿಸಿದ ಮೇಲೆ, ಪಕ್ಕದ ಮನೆಯ ಗಂಟೆ ಒತ್ತಿ ಕೊಟ್ಟುಬರಬೇಕೆಂದು ಹೇಳಿದ್ದೇನೆ.