ಇಪ್ಪತ್ತು ನಿಮಿಷಕ್ಕೊಮ್ಮೆ ಏರುವ ಬ್ಲೈಂಡ್

ಲಾಸ್ ವೇಗಸ್‌ನ ಕ್ಯಾಸಿನೊಗಳಲ್ಲಿ ಮಧ್ಯಾಹ್ನದ ಹೊತ್ತು ನಡೆಯುವ ಸಣ್ಣ ಪೋಕರ್ ಟೂರ್ನಮೆಂಟುಗಳಿಗೂ ಟಿ.ವಿ.ಯಲ್ಲಿ ಕಾಣುವ ದೊಡ್ಡ ಪಂದ್ಯಗಳಿಗೂ ಆಟದ ನಿಯಮ ಒಂದೇ ಆದರೂ ಗಡಿಯಾರ ಬೇರೆ. ರಜೆಯಲ್ಲಿ ಸಾಗರದ ಕಡೆಯ ಗೆಳೆಯನೊಬ್ಬನ ಜೊತೆ ಹೋಗಿ ನಾನು ಆಡಿದ ಪಂದ್ಯಕ್ಕೆ ಪ್ರವೇಶಧನ 100 ಡಾಲರ್ ಇತ್ತು. ಅದರಲ್ಲಿ 75 ಬಹುಮಾನಕ್ಕೆ, ಉಳಿದ 25 ಕ್ಯಾಸಿನೊಗೆ. ಪ್ರತಿಯೊಬ್ಬರಿಗೂ 15,000 ಮೊತ್ತದ ಚಿಪ್ಪುಗಳನ್ನು ಕೊಟ್ಟಿದ್ದರು. ಎಲೆ ನೋಡುವ ಮೊದಲೇ ಇಬ್ಬರು ಸರದಿಯಂತೆ ಕಟ್ಟಬೇಕಾದ ಪಣವಾದ ಬ್ಲೈಂಡ್ ಇಪ್ಪತ್ತು ನಿಮಿಷಕ್ಕೊಮ್ಮೆ ಏರುತ್ತಿತ್ತು. ಒಟ್ಟು 42 ಜನ ಸೇರಿದ್ದರಿಂದ ಬಹುಮಾನದ ಮೊತ್ತ 3,150 ಡಾಲರ್ ಆಯಿತು, ಅದನ್ನು ಮೊದಲ ಐವರಿಗೆ 1,250, 800, 500, 350, 250 ಎಂದು ಹಂಚುವುದಾಗಿ ಫಲಕದಲ್ಲಿ ತೋರಿಸಿದರು. ಆರನೆಯವನಿಗೆ ಏನೂ ಇಲ್ಲ.

ನಮ್ಮ ಊರುಗಳ ಕ್ಲಬ್ಬುಗಳಲ್ಲಿ ರಮ್ಮಿ ಆಡಿ ಬೆಳೆದವರಿಗೆ ಕೆಟ್ಟ ಎಲೆ ಬಂದಾಗ ಡ್ರಾಪ್ ಮಾಡಿ ಸುಮ್ಮನಿರುವುದು ಕೈಗೆ ಹತ್ತಿದ ಅಭ್ಯಾಸ. 101ರ ಆಟದಲ್ಲಿ ಮೊದಲೇ ಬಿಟ್ಟರೆ 20 ಪಾಯಿಂಟ್ ಹೋಗುತ್ತದೆ, ಆ ಬೆಲೆ ಆಟದ ಆರಂಭದಲ್ಲೂ ಕೊನೆಯಲ್ಲೂ ಅಷ್ಟೇ ಇರುತ್ತದೆ. ಪೋಕರಿನಲ್ಲಿ ಎಲೆ ಬಿಡುವುದಕ್ಕೆ ಬೆಲೆಯೇ ಇಲ್ಲವೆಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಆದರೆ ಮೇಜಿನ ಸುತ್ತ ಸರದಿ ಒಮ್ಮೆ ಬಂದು ಹೋಗುವಷ್ಟರಲ್ಲಿ ಬ್ಲೈಂಡು, ದೊಡ್ಡ ಬ್ಲೈಂಡಿನವನು ಅದರೊಂದಿಗೆ ಕಟ್ಟುವ ಆಂಟಿ ಎಂಬ ಇನ್ನೊಂದು ಪಣ ಸೇರಿ ಆ ಬೆಲೆಯನ್ನು ವಸೂಲು ಮಾಡಿಬಿಡುತ್ತವೆ, ಮತ್ತು ಮುಂದಿನ ಸುತ್ತಿಗೆ ಬೆಲೆ ಏರಿರುತ್ತದೆ.

ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ಡೀಲರ್ ಕೈಯಿಂದ ಹಂಚುವ ಮೇಜಿನಲ್ಲಿ ಗಂಟೆಗೆ ಸುಮಾರು ಮೂವತ್ತು ಆಟಗಳು ಮಾತ್ರ ಮುಗಿಯುತ್ತವೆ. ಆಟಗಾರನ ಕೈಗೆ ಬರುವ ಎರಡು ಎಲೆಗಳ 1,326 ಜೋಡಣೆಗಳಲ್ಲಿ ಹತ್ತರ ಜೋಡಿ ಹಾಗೂ ಅದಕ್ಕಿಂತ ದೊಡ್ಡ ಜೋಡಿಗಳು, ಎಕ್ಕ-ರಾಜ ಎಲ್ಲ ಸೇರಿ 46 ಮಾತ್ರ. ಅಂದರೆ ಇಪ್ಪತ್ತೊಂಬತ್ತು ಆಟಕ್ಕೊಮ್ಮೆ, ಗಂಟೆಗೆ ಒಂದು. ಒಳ್ಳೆಯ ಎಲೆಗಾಗಿ ಕಾಯುವವನು ಆ ಒಂದು ಆಟ ಬರುವಷ್ಟರಲ್ಲಿ ಮೂರು ಬಾರಿ ಬ್ಲೈಂಡ್ ಏರುವುದನ್ನು ನೋಡುತ್ತಾನೆ, ಮತ್ತು ಎಲೆ ಬಂದಾಗ ಅವನ ಬಳಿ ಉಳಿದ ಚಿಪ್ಪುಗಳಿಗೆ ಯಾರೂ ಹೆದರುವುದಿಲ್ಲ. 1982ರ ಪೋಕರ್ ವಿಶ್ವ ಸರಣಿಯಲ್ಲಿ ಜ್ಯಾಕ್ ಸ್ಟ್ರಾಸ್ ಒಂದೇ ಒಂದು ಚಿಪ್ಪಿನಿಂದ ಚೇತರಿಸಿಕೊಂಡು ಗೆದ್ದ ಕಥೆಯನ್ನು ಪ್ರತಿ ಮೇಜಿನಲ್ಲೂ ಒಬ್ಬರಾದರೂ ಹೇಳುತ್ತಾರೆ. ಹಲವು ದಿನ ನಡೆದ ಆ ಪಂದ್ಯದ ಕಥೆಯನ್ನು ಸಂಜೆಗೆ ಮುಗಿಯುವ ಆಟಕ್ಕೆ ಅನ್ವಯಿಸಿಕೊಂಡು ಹಾಳಾದವರೇ ಹೆಚ್ಚು ಎಂಬುದು ನನ್ನ ಅನಿಸಿಕೆ.

ಮೂರನೆಯ ಗಂಟೆ ಮುಗಿಯುವ ಹೊತ್ತಿಗೆ ಬ್ಲೈಂಡ್ 1,000 ಮತ್ತು 2,000, ಆಂಟಿ 2,000 ಆಗಿತ್ತು; ನನ್ನ ಬಳಿ 18,000 ಇತ್ತು. ಒಂದು ಸುತ್ತಿನ ಖರ್ಚಾದ 5,000ದಿಂದ ಅದನ್ನು ಭಾಗಿಸಿದರೆ ಬರುವುದು 3.6. ಈ ಅನುಪಾತಕ್ಕೆ ಬ್ಯಾಕ್‌ಗ್ಯಾಮನ್ ಆಟದಲ್ಲೂ ಹೆಸರಾದ ಪಾಲ್ ಮ್ಯಾಗ್ರಿಯಲ್ ಹೆಸರಿನಿಂದ ‘ಎಂ’ ಎಂದು ಹೆಸರಿಟ್ಟಿದ್ದಾರೆ, ಅದು ಐದಕ್ಕಿಂತ ಕೆಳಗಿಳಿದವರನ್ನು ಕೆಂಪು ವಲಯದವರೆಂದು ಕರೆಯುತ್ತಾರೆ. ಆಗಲೇ ಸೋತು ಎದ್ದಿದ್ದ ಗೆಳೆಯ ವಿರಾಮದಲ್ಲಿ ನನ್ನ ಹಿಂದೆ ಬಂದು ನಿಂತು, “ಎಷ್ಟು ಹೊತ್ತು ಹೀಗೇ ಎಲೆ ಎಸೀತಾ ಕೂತಿರ್ತೀಯ ಮಾರಾಯ?” ಎಂದ. ಅವನು ಮೊದಲ ಗಂಟೆಯಿಂದಲೂ ಕಂಡಕಂಡವರ ಪಣಕ್ಕೆಲ್ಲ ಕಾಲ್ ಮಾಡುತ್ತಾ, ಅಂದರೆ ಅಷ್ಟೇ ಪಣ ತಾನೂ ಕಟ್ಟುತ್ತಾ ಬಂದವನು, ಅದನ್ನೇ ಧೈರ್ಯವೆಂದು ನಂಬಿದವನು.

ವಿರಾಮ ಮುಗಿದ ಸ್ವಲ್ಪ ಹೊತ್ತಿಗೆ ನನ್ನ ಮುಂದಿನವರೆಲ್ಲ ಎಲೆ ಬಿಟ್ಟು, ನನ್ನ ನಂತರ ಬ್ಲೈಂಡ್ ಕಟ್ಟಿದ ಇಬ್ಬರೇ ಉಳಿದಿದ್ದಾಗ ನನಗೆ ಎಕ್ಕ-ಐದು ಬಂದಿತು. 18,000 ಪೂರ್ತಿಯನ್ನು ಮುಂದಕ್ಕೆ ತಳ್ಳಿದೆ. ಇಬ್ಬರೂ ಎಲೆ ಬಿಟ್ಟರು, ನನ್ನ ಚಿಪ್ಪುಗಳು 23,000 ಆದವು. ಎಕ್ಕ-ಐದು ದೊಡ್ಡ ಎಲೆಯೇನೂ ಅಲ್ಲ. ಯಾರಾದರೂ ಕಾಲ್ ಮಾಡಿದ್ದರೆ ಬಹುಶಃ ಮೂರರಲ್ಲಿ ಒಂದು ಪಾಲು ಗೆಲ್ಲುತ್ತಿದ್ದೆ. ಆದರೆ ಮೊದಲು ತಳ್ಳುವವನಿಗೆ ಗೆಲುವಿನ ದಾರಿ ಎರಡು: ಎದುರಾಳಿ ಬಿಡಬಹುದು, ಬಿಡದಿದ್ದರೆ ನಮ್ಮ ಎಲೆ ಗೆಲ್ಲಬಹುದು. ಕಾಲ್ ಮಾಡುವವನಿಗೆ ಎರಡನೆಯ ದಾರಿ ಮಾತ್ರ ಉಳಿದಿರುತ್ತದೆ. ಉಳಿಯುವುದೋ ಮೇಲೆ ಬೀಳುವುದೋ ಎಂದು ಆಟಗಾರರು ವಾದಿಸುವಾಗ ಈ ವ್ಯತ್ಯಾಸವನ್ನು ಗಮನಿಸುವುದೇ ಇಲ್ಲ. ಒಂದೇ ಎಲೆಯಿಂದ ತಳ್ಳುವುದು ವಿವೇಕವಾಗಿ, ಕಾಲ್ ಮಾಡುವುದು ದುಡುಕಾಗಿ ಇರಬಹುದು.

ಬಳಿಕ ರಾಣಿಯರ ಜೋಡಿಯೊಂದು ಬಂದು, ಎಕ್ಕ-ಗುಲಾಮದವರೊಬ್ಬರನ್ನು ಸೋಲಿಸಿ ಕೊನೆಯ ಮೇಜಿಗೆ ಸಾಗಿದೆ. ಅಲ್ಲಿ ಆರು ಜನ ಉಳಿದಾಗ ಆಟ ನಿಧಾನವಾಯಿತು. ಬ್ಲೈಂಡ್ 4,000 ಮತ್ತು 8,000, ಆಂಟಿ 8,000. ಮುಂಚೂಣಿಯವನ ಬಳಿ 2,20,000, ಇಬ್ಬರ ಬಳಿ 1,30,000 ಮತ್ತು 1,20,000, ನನ್ನ ಬಳಿ 90,000, ಕೊನೆಯ ಇಬ್ಬರ ಬಳಿ 40,000 ಮತ್ತು 30,000. ಬಹುಮಾನಕ್ಕೆ ಒಂದೇ ಮೆಟ್ಟಿಲು ಬಾಕಿಯಿರುವ ಈ ಘಟ್ಟವನ್ನು ಬಬಲ್ ಎನ್ನುತ್ತಾರೆ. ಚಿಪ್ಪಿನ ಬೆಲೆಯನ್ನು ಹಣಕ್ಕೆ ಪರಿವರ್ತಿಸುವ ವಿಧಾನವೊಂದನ್ನು 1980ರ ದಶಕದಲ್ಲಿ ಮೇಸನ್ ಮಲ್ಮುತ್ ಪೋಕರಿಗೆ ತಂದರು. ಐಸಿಎಂ ಎಂದು ಕರೆಯುವ ಅದರ ಸಾರ ಇಲ್ಲಿಯೇ ತಿಳಿಯುವುದು. ಸಮಾನ ಚಿಪ್ಪಿನ ನಾಲ್ವರು ಉಳಿದು, 1,000 ಡಾಲರನ್ನು ಮೂವರಿಗೆ 500, 300, 200 ಎಂದು ಹಂಚುವುದಾದರೆ ಒಬ್ಬೊಬ್ಬರ ಪಾಲಿನ ಬೆಲೆ 250. ಅವರಲ್ಲೊಬ್ಬ ಚಿಪ್ಪನ್ನು ಇಮ್ಮಡಿ ಮಾಡಿಕೊಂಡರೆ ಅವನ ಪಾಲಿನ ಬೆಲೆ 500 ಆಗುವುದಿಲ್ಲ, ಸುಮಾರು 383 ಆಗುತ್ತದೆ. ಆದ್ದರಿಂದ ಅಲ್ಲಿ ಕಾಲ್ ಮಾಡಲು ನೂರಕ್ಕೆ 65ರಷ್ಟು ಗೆಲ್ಲುವ ಭರವಸೆ ಬೇಕು, 51 ಸಾಲದು.

ಮುಂಚೂಣಿಯವನು ಪೂರ್ತಿ ತಳ್ಳಿದಾಗ ದೊಡ್ಡ ಬ್ಲೈಂಡಿನಲ್ಲಿದ್ದ ನನ್ನ ಕೈಯಲ್ಲಿ ರಾಜ-ರಾಣಿ ಇತ್ತು. ಮೂರನೆಯ ಗಂಟೆಯಲ್ಲಾಗಿದ್ದರೆ ಅದೇ ಎಲೆಯಿಂದ ನಾನೇ ತಳ್ಳುತ್ತಿದ್ದೆ. ಈಗ ಬಿಟ್ಟುಕೊಟ್ಟೆ. 30,000 ಇಟ್ಟುಕೊಂಡು ಕೂತವನು ನನಗಿಂತ ಮೊದಲು ಎದ್ದುಹೋಗುವ ಸಂಭವವೇ ಹೆಚ್ಚಿದ್ದಾಗ, ಅವನಿಗೆ ದಾರಿ ತೆರೆದುಕೊಡುವ ಕೆಲಸ ನನ್ನದಲ್ಲ. ಮುಂಚೂಣಿಯವನು ಎಲೆ ತೋರಿಸಲಿಲ್ಲ. ಬ್ಲೈಂಡು, ಆಂಟಿ ಸೇರಿ 16,000 ಹೋಯಿತು.

ಮರು ಆಟದಲ್ಲಿ ಎಲ್ಲರೂ ಎಲೆ ಬಿಟ್ಟು, ಸಣ್ಣ ಬ್ಲೈಂಡಿನಲ್ಲಿದ್ದ ನಾನು ಮತ್ತು 1,20,000 ಇದ್ದ ಹಿರಿಯ ಮಹಿಳೆ ಮಾತ್ರ ಉಳಿದೆವು. ನನ್ನ ಎಲೆ ಒಂಬತ್ತು-ಆರು. ಇದ್ದುದನ್ನೆಲ್ಲ ತಳ್ಳಿದೆ. ಆಕೆ ಬಹಳ ಹೊತ್ತು ಯೋಚಿಸಿ, ಎಕ್ಕ-ಎಂಟನ್ನು ಮೇಲ್ಮುಖವಾಗಿಟ್ಟು ಬಿಟ್ಟುಕೊಟ್ಟರು. 16,000 ನನಗೆ ಮರಳಿತು. ಮೇಜಿನಲ್ಲಿ ಒಬ್ಬಿಬ್ಬರು ನಕ್ಕರು. ಬಹುಮಾನದ ಲೆಕ್ಕವನ್ನು ಬಲ್ಲವರಾದ್ದರಿಂದಲೇ ಆಕೆ ಬಿಟ್ಟಿದ್ದರು, ಬಿಡುವರೆಂದು ನಂಬಿದ್ದರಿಂದಲೇ ನಾನು ತಳ್ಳಿದ್ದೆ. ಗೆಳೆಯನಂತೆ ಎಲ್ಲದಕ್ಕೂ ಕಾಲ್ ಮಾಡುವವರು ಆ ಕುರ್ಚಿಯಲ್ಲಿದ್ದಿದ್ದರೆ ನಾನು ಒಂಬತ್ತು-ಆರನ್ನು ಮುಟ್ಟುತ್ತಲೂ ಇರಲಿಲ್ಲ.

ಸ್ವಲ್ಪದರಲ್ಲೇ 30,000ದವನು ಸೋತು ಎದ್ದ. ಬಹುಮಾನ ಖಚಿತವಾದ ಕೂಡಲೇ ಆಟ ಮತ್ತೆ ತಿರುಗುತ್ತದೆ, ಏಕೆಂದರೆ ಐದನೆಯ ಸ್ಥಾನಕ್ಕಾಗಿ ಆಡಿ ಯಾರೂ ಉದ್ಧಾರವಾಗುವುದಿಲ್ಲ. 42ರಲ್ಲಿ ಐವರಿಗೆ ಹಣವೆಂದರೆ ಸರಾಸರಿ ಎಂಟು ಪಂದ್ಯಕ್ಕೊಮ್ಮೆ ಬಹುಮಾನ. ಅಷ್ಟಕ್ಕೆ ಕಟ್ಟಿದ್ದು 800 ಡಾಲರಿಗೂ ಮೇಲೆ, ಪ್ರತಿ ಬಾರಿ ಐದನೆಯವನಾಗಿ ಉಳಿದರೆ ಬರುವುದು 250. ಕ್ಯಾಸಿನೊ ಕಾಲುಭಾಗ ತೆಗೆದಿಟ್ಟುಕೊಳ್ಳುವ ಆಟದಲ್ಲಿ ಮೊದಲ ಮೂರು ಸ್ಥಾನಗಳೇ ಆ ನಷ್ಟವನ್ನು ತುಂಬಬೇಕು. ಹೀಗಾಗಿ ನಾನು ಸಿಕ್ಕಿದ ಅವಕಾಶಗಳಲ್ಲೆಲ್ಲ ತಳ್ಳಿದೆ, ಮೂವರು ಉಳಿದಾಗ ಎಂಟರ ಜೋಡಿಯನ್ನೂ ತಳ್ಳಿದೆ. ಆ ಹಿರಿಯ ಮಹಿಳೆ ಈ ಬಾರಿ ಎಕ್ಕ-ರಾಣಿಯಿಂದ ಕಾಲ್ ಮಾಡಿದರು. ನೂರಕ್ಕೆ ಸುಮಾರು 55 ನನ್ನ ಕಡೆಗಿದ್ದ ಪಂದ್ಯಕ್ಕೆ, ಎಲ್ಲರಿಗೂ ಸೇರಿ ಮೇಜಿನ ಮೇಲೆ ತೆರೆಯುವ ಎಲೆಗಳಲ್ಲಿ ಕೊನೆಯದಾಗಿ ರಾಣಿ ಬಂದಳು. 500 ಡಾಲರ್ ಪಡೆದು ಎದ್ದಾಗ ಗೆಳೆಯ ಎಂಟರ ಜೋಡಿಯನ್ನೇಕೆ ಬಿಡಲಿಲ್ಲವೆಂದು ಕೇಳಿದ. ರಾಜ-ರಾಣಿಯನ್ನೇಕೆ ಬಿಟ್ಟೆನೆಂದು ಆಗಲೇ ಒಮ್ಮೆ ಕೇಳಿ ಮುಗಿಸಿದ್ದ.