ಕನ್ನಡದ ಕೆಲಸಕ್ಕೆ ಸ್ವೇ: ವಿಂಡೋಗಳನ್ನು ಕೀಲಿಮಣೆಯಿಂದಲೇ ನಡೆಸುವುದು

ಹಳೆಯ ಪುಸ್ತಕಗಳ ಸ್ಕ್ಯಾನ್ ಪುಟವನ್ನು ಒಂದು ಕಡೆ ಇಟ್ಟುಕೊಂಡು, ಇನ್ನೊಂದು ಕಡೆ ಅದರ ಪಠ್ಯವನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ಕರಡು ತಿದ್ದುವುದು ನನ್ನ ನಿತ್ಯದ ಕೆಲಸ. ಇದಕ್ಕೆ ಪರದೆಯ ಮೇಲೆ ಕನಿಷ್ಠ ಮೂರು ವಿಂಡೋಗಳು ಬೇಕು: ಪುಟದ ಚಿತ್ರ, ಪಠ್ಯ, ನಿಘಂಟು. ಸಾಮಾನ್ಯ ಡೆಸ್ಕ್‌ಟಾಪ್‌ನಲ್ಲಿ ಇವು ಒಂದರ ಮೇಲೊಂದು ಬಂದು ಕೂರುತ್ತವೆ. ಬೇಕಾದದ್ದನ್ನು ಮೌಸ್ ಹಿಡಿದು ಪಕ್ಕಕ್ಕೆ ಎಳೆದು, ಅಂಚು ಹಿಗ್ಗಿಸಿ, ಕೈಯನ್ನು ಮತ್ತೆ ಕೀಲಿಮಣೆಗೆ ತರುವಷ್ಟರಲ್ಲಿ ಓದುತ್ತಿದ್ದ ಸಾಲು ಕಣ್ತಪ್ಪಿರುತ್ತದೆ. ಸ್ವೇಯಂತಹ ಟೈಲಿಂಗ್ ವಿಂಡೋ ಮ್ಯಾನೇಜರ್, ಅಂದರೆ ವಿಂಡೋಗಳನ್ನು ಅಕ್ಕಪಕ್ಕ ಜೋಡಿಸುವ ಪ್ರೋಗ್ರಾಂ, ಈ ಹೊಂದಿಸುವ ಕೆಲಸವನ್ನು ತಾನೇ ವಹಿಸಿಕೊಳ್ಳುತ್ತದೆ. ಮೊದಲು ತೆರೆದ ವಿಂಡೋ ಇಡೀ ಪರದೆಯನ್ನು ತುಂಬುತ್ತದೆ, ಎರಡನೆಯದು ಬಂದಾಗ ಎರಡೂ ಸಮವಾಗಿ ಜಾಗ ಹಂಚಿಕೊಳ್ಳುತ್ತವೆ, ಯಾವುದೂ ಇನ್ನೊಂದನ್ನು ಮುಚ್ಚುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗುವುದು, ಸ್ಥಳ ಬದಲಿಸುವುದು, ಮುಚ್ಚುವುದು ಎಲ್ಲವೂ ಕೀಲಿಮಣೆಯಿಂದಲೇ ನಡೆಯುತ್ತದೆ.

ಈ ಪದ್ಧತಿ ಹೊಸದಲ್ಲ. 1985ರಲ್ಲಿ ಬಂದ ಮೈಕ್ರೋಸಾಫ್ಟ್ ವಿಂಡೋಸ್‌ನ ಮೊದಲ ಆವೃತ್ತಿಯಲ್ಲಿಯೂ ವಿಂಡೋಗಳು ಅಕ್ಕಪಕ್ಕವೇ ಕೂರುತ್ತಿದ್ದವು. ಒಂದರ ಮೇಲೊಂದು ಹರಡುವ ಸೌಲಭ್ಯ ಅದಕ್ಕೆ ಬಂದದ್ದು 1987ರ ಎರಡನೆಯ ಆವೃತ್ತಿಯಲ್ಲಿ. ಲಿನಕ್ಸ್‌ನಲ್ಲಿ ಇಂದು ಇಂತಹ ಪ್ರೋಗ್ರಾಂಗಳು ಹಲವಾರಿವೆ. ಡಿಡಬ್ಲ್ಯೂಎಂನಲ್ಲಿ ಏನಾದರೂ ಬದಲಿಸಬೇಕೆಂದರೆ ಸಿ ಭಾಷೆಯ ಹೆಡರ್ ಕಡತವನ್ನು ತಿದ್ದಿ ಮತ್ತೆ ಕಂಪೈಲ್ ಮಾಡಬೇಕು. ಎಕ್ಸ್‌ಮೊನ್ಯಾಡ್‌ನ ಕಾನ್ಫಿಗ್ (ಆಯ್ಕೆಗಳನ್ನು ಬರೆದಿಡುವ ಕಡತ) ಇರುವುದು ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಮೈಕಲ್ ಸ್ಟಾಪೆಲ್‌ಬರ್ಗ್ ಅವರು 2009ರಲ್ಲಿ ಬಿಡುಗಡೆ ಮಾಡಿದ ಐ3 ಮಾತ್ರ ಸಾಲಿಗೊಂದು ಆದೇಶವಿರುವ ಸರಳ ಪಠ್ಯ ಕಡತವನ್ನು ಓದುತ್ತದೆ. ಡ್ರೂ ಡಿವಾಲ್ಟ್ ಅವರು ಆರಂಭಿಸಿದ, 2019ರ ಮಾರ್ಚ್‌ನಲ್ಲಿ 1.0 ಆವೃತ್ತಿ ಕಂಡ ಸ್ವೇ, ಐ3ಯ ಅದೇ ಕಾನ್ಫಿಗ್ ಶೈಲಿಯನ್ನು ಉಳಿಸಿಕೊಂಡು ಪರದೆಗೆ ಚಿತ್ರ ಮೂಡಿಸುವ ಲಿನಕ್ಸ್ ವ್ಯವಸ್ಥೆಗಳಲ್ಲಿ ಹಳೆಯದಾದ ಎಕ್ಸ್11ರ ಬದಲು ಹೊಸದಾದ ವೇಲ್ಯಾಂಡ್‌ ಮೇಲೆ ನಡೆಯುತ್ತದೆ. ಭಾಷೆಯ ಕೆಲಸ ಮಾಡುವವರಿಗೆ, ಅಂದರೆ ಅನುವಾದಕರಿಗೆ, ಕರಡು ತಿದ್ದುವವರಿಗೆ, ಪತ್ರಿಕೆಯವರಿಗೆ, ನಾನು ಧೈರ್ಯವಾಗಿ ಹೇಳಬಲ್ಲದ್ದು ಈ ಎರಡನ್ನೇ. ನಾನು ಬಳಸುವುದು ಸ್ವೇ.

ಸ್ವೇಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಅದು ಪರದೆಯನ್ನು ಒಂದು ಮರದಂತೆ ಲೆಕ್ಕ ಹಾಕುತ್ತದೆ ಎಂಬುದನ್ನು ಮೊದಲು ಹಿಡಿಯಬೇಕು. ಕೊಂಬೆಗಳು ಕಂಟೇನರ್‌ಗಳು, ಎಲೆಗಳು ವಿಂಡೋಗಳು. ಎಡಕ್ಕೆ ಸ್ಕ್ಯಾನ್ ಪುಟ, ಬಲಕ್ಕೆ ಪಠ್ಯ ಇವೆ ಎಂದುಕೊಳ್ಳಿ. ಈಗ ನೇರವಾಗಿ ನಿಘಂಟನ್ನು ತೆರೆದರೆ ಅದು ಅದೇ ಸಾಲಿನಲ್ಲಿ ಮೂರನೆಯದಾಗಿ ಬಂದು, ಮೂರಕ್ಕೂ ಪರದೆಯ ಮೂರನೆಯ ಒಂದು ಭಾಗವಷ್ಟೇ ಉಳಿಯುತ್ತದೆ, ಸ್ಕ್ಯಾನ್ ಪುಟ ಓದಲಾಗದಷ್ಟು ಕಿರಿದಾಗುತ್ತದೆ. ಅದರ ಬದಲು ಪಠ್ಯದ ವಿಂಡೋದಲ್ಲಿದ್ದಾಗ ಸೂಪರ್ (ವಿಂಡೋಸ್ ಗುರುತಿರುವ ಕೀಲಿ) ಮತ್ತು ವಿ ಕೀಲಿಗಳನ್ನು ಒಟ್ಟಿಗೆ ಒತ್ತಿ, ಆಮೇಲೆ ನಿಘಂಟನ್ನು ತೆರೆದರೆ, ಬಲಭಾಗ ಮಾತ್ರ ಮೇಲೆ ಕೆಳಗೆ ಎಂದು ಎರಡಾಗುತ್ತದೆ. ಎಡಗಡೆಯ ಪುಟ ತನ್ನ ಪೂರ್ತಿ ಎತ್ತರದಲ್ಲಿ ಅಲುಗಾಡದೆ ನಿಂತಿರುತ್ತದೆ. ಬಲಭಾಗ ಇಕ್ಕಟ್ಟೆನಿಸಿದರೆ ಸೂಪರ್ ಮತ್ತು ಡಬ್ಲ್ಯೂ ಒತ್ತಿದ ಕೂಡಲೇ ಪಠ್ಯವೂ ನಿಘಂಟೂ ಒಂದೇ ಜಾಗದ ಎರಡು ಟ್ಯಾಬ್‌ಗಳಾಗುತ್ತವೆ, ಸೂಪರ್ ಮತ್ತು ಇ ಒತ್ತಿದರೆ ಮತ್ತೆ ಬೇರೆಯಾಗುತ್ತವೆ. ಸೂಪರ್ ಮತ್ತು ಎ ಒತ್ತಿದರೆ ಆಯ್ಕೆ ಒಂದು ಮಟ್ಟ ಮೇಲೇರಿ ಇಡೀ ಬಲ ಕಂಟೇನರ್ ಹಿಡಿತಕ್ಕೆ ಬರುತ್ತದೆ. ಅದನ್ನು ಹಾಗೆಯೇ ಇನ್ನೊಂದು ವರ್ಕ್‌ಸ್ಪೇಸ್‌ಗೆ, ಅಂದರೆ ಸಂಖ್ಯೆಯಿಂದ ಕರೆಯುವ ಇನ್ನೊಂದು ಪರದೆಗೆ, ಕಳುಹಿಸಬಹುದು. ಮರದ ಈ ಲೆಕ್ಕ ಮನಸ್ಸಿಗೆ ಹತ್ತಿದ ಮೇಲೆ ಸ್ವೇಯ ಕೀಲಿಗಳನ್ನು ಬಾಯಿಪಾಠ ಮಾಡುವ ಪ್ರಮೇಯವೇ ಬರುವುದಿಲ್ಲ.

ವರ್ಕ್‌ಸ್ಪೇಸ್‌ಗಳ ಬಗ್ಗೆ ಹೇಳಲೇಬೇಕು. ಟೈಲಿಂಗ್ ಎಂದರೆ ವೇಗ ಎಂದು ಹಲವರು ಹೇಳುತ್ತಾರೆ. ನನಗೆ ಕಂಡ ಪ್ರಯೋಜನ ವೇಗಕ್ಕಿಂತ ಹೆಚ್ಚಾಗಿ ಸ್ಥಳದ ಖಚಿತತೆಯದು. ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಪ್ರತಿ ಅಕ್ಷರಕ್ಕೂ ಕೇಸಿನಲ್ಲಿ ಅದರದೇ ಮನೆಯಿದ್ದು, ಕಂಪಾಸಿಟರ್‌ನ ಕೈ ನೋಡದೆಯೇ ಅಲ್ಲಿಗೆ ಹೋಗುತ್ತಿದ್ದಂತೆ, ಇಲ್ಲಿಯೂ ಎರಡು ಎಂದರೆ ಕರಡು, ಮೂರು ಎಂದರೆ ಪತ್ರವ್ಯವಹಾರ ಎಂದು ಬೆರಳಿಗೆ ರೂಢಿಯಾಗುತ್ತದೆ. ಅಸೈನ್ ಎಂಬ ಆದೇಶದಿಂದ ಒಂದು ಪ್ರೋಗ್ರಾಂ ಯಾವಾಗಲೂ ಇಂತಹ ವರ್ಕ್‌ಸ್ಪೇಸ್‌ನಲ್ಲಿಯೇ ತೆರೆಯುವಂತೆ ಕಟ್ಟು ಮಾಡಬಹುದು. ವರ್ಕ್‌ಸ್ಪೇಸ್‌ಗಳಿಗೆ ಕನ್ನಡದ ಹೆಸರಿಡಲು ಯಾವ ಅಡ್ಡಿಯೂ ಇಲ್ಲ: ಹೆಸರಿನ ಮೊದಲಿಗೆ ಸಂಖ್ಯೆ ಬರೆದು, ಬಾರ್‌ನ ವಿಭಾಗದಲ್ಲಿ ಸಂಖ್ಯೆಯನ್ನು ಮರೆಮಾಡುವ ಆಯ್ಕೆ ಸೇರಿಸಿದರೆ, ಪರದೆಯ ಅಂಚಿನ ಪಟ್ಟಿಯಲ್ಲಿ ಕರಡು, ಪತ್ರ, ಓದು ಎಂದು ಹೆಸರುಗಳಷ್ಟೇ ಕಾಣುತ್ತವೆ, ಕೀಲಿಗಳು ಮಾತ್ರ ಸಂಖ್ಯೆಯ ಲೆಕ್ಕದಲ್ಲಿಯೇ ನಡೆಯುತ್ತವೆ. ನಾನು ಸೇರಿಸಿಕೊಂಡ ಸಾಲುಗಳಲ್ಲಿ ಅತಿ ಹೆಚ್ಚು ಉಪಕಾರ ಮಾಡಿದ್ದು ವರ್ಕ್‌ಸ್ಪೇಸ್ ಆಟೋ ಬ್ಯಾಕ್ ಆಂಡ್ ಫೋರ್ತ್ ಎಂಬ ಆಯ್ಕೆ. ಇದ್ದ ವರ್ಕ್‌ಸ್ಪೇಸ್‌ನ ಸಂಖ್ಯೆಯನ್ನೇ ಇನ್ನೊಮ್ಮೆ ಒತ್ತಿದರೆ ಹಿಂದೆ ಇದ್ದಲ್ಲಿಗೆ ಅದು ಮರಳಿ ಕರೆದೊಯ್ಯುತ್ತದೆ. ಪತ್ರಕ್ಕೆ ಉತ್ತರ ಬರೆದು, ಬಿಟ್ಟ ಸಾಲಿಗೆ ಹಿಂತಿರುಗಲು ಯೋಚಿಸಬೇಕಾದ್ದೇ ಇಲ್ಲ.

ಇನ್ನು ಕನ್ನಡ ಟೈಪಿಸುವವರಿಗೆ ಎದುರಾಗುವ ನಿಜವಾದ ತೊಡಕಿಗೆ ಬರುತ್ತೇನೆ. ಸ್ವೇಯಲ್ಲಿ ಭಾಷೆ ಬದಲಿಸುವ ವ್ಯವಸ್ಥೆ ಒಳಗೇ ಇದೆ. ಇನ್‌ಪುಟ್ ವಿಭಾಗದಲ್ಲಿ ಮೊದಲು ಅಮೆರಿಕನ್ ಇಂಗ್ಲಿಷ್ ವಿನ್ಯಾಸ, ಎರಡನೆಯದಾಗಿ ಭಾರತದ ವಿನ್ಯಾಸದ ಕನ್ನಡ ಪ್ರಭೇದ ಎಂದು ಬರೆದು, ಕ್ಯಾಪ್ಸ್ ಲಾಕ್ ಕೀಲಿಯನ್ನು ಭಾಷೆ ಬದಲಿಸಲು ಗೊತ್ತುಪಡಿಸಿದರೆ ಭಾರತೀಯ ಭಾಷೆಗಳ ಇನ್‌ಸ್ಕ್ರಿಪ್ಟ್ ಕೀಲಿ ವಿನ್ಯಾಸ ಸಿದ್ಧವಾಗುತ್ತದೆ. ಆದರೆ ಕನ್ನಡಕ್ಕೆ ಬದಲಿಸಿದ ಕೂಡಲೇ ಸ್ವೇಯ ಅರ್ಧಕ್ಕರ್ಧ ಕೀಲಿಗಳು ಕೆಲಸ ನಿಲ್ಲಿಸುತ್ತವೆ. ಎಡಗಡೆಯ ವಿಂಡೋಗೆ ಹೋಗಲು ಸೂಪರ್ ಮತ್ತು ಎಚ್ ಒತ್ತಿದರೆ ಏನೂ ಆಗುವುದಿಲ್ಲ. ಪ್ರೋಗ್ರಾಂಗಳ ಪಟ್ಟಿಗಾಗಿ ಸೂಪರ್ ಮತ್ತು ಡಿ ಒತ್ತಿದರೂ ಅಷ್ಟೆ. ಕಾರಣ ಸರಳವಾಗಿದೆ. ಕೀಲಿಗೆ ಕೆಲಸ ಕಟ್ಟುವ ಬೈಂಡ್‌ಸಿಮ್ ಎಂಬ ಆದೇಶ ಕೀಲಿಯ ಸ್ಥಾನವನ್ನು ನೋಡುವುದಿಲ್ಲ, ಆ ಕೀಲಿ ಆ ಕ್ಷಣದಲ್ಲಿ ಹೊಮ್ಮಿಸುವ ಅಕ್ಷರವನ್ನು ನೋಡುತ್ತದೆ. ಇನ್‌ಸ್ಕ್ರಿಪ್ಟ್‌ನಲ್ಲಿ ಎಚ್ ಇರುವ ಜಾಗದಲ್ಲಿ ಪ ಇದೆ, ಡಿ ಇರುವ ಜಾಗದಲ್ಲಿ ಒತ್ತಕ್ಷರಕ್ಕೆ ಬೇಕಾದ ಹಲಂತ ಚಿಹ್ನೆ (್) ಇದೆ; ಸ್ವೇಗೆ ಸೂಪರ್ ಜೊತೆಗೆ ಪ ಬಂದರೆ ಏನು ಮಾಡಬೇಕೆಂದು ಯಾರೂ ಹೇಳಿಲ್ಲ.

ಇದಕ್ಕೆ ಪರಿಹಾರ ಸ್ವೇಯ ಕೈಪಿಡಿಯಲ್ಲಿಯೇ ಇದೆ. ಬೈಂಡ್‌ಸಿಮ್‌ನ ಪಕ್ಕದಲ್ಲಿ ಟು-ಕೋಡ್ ಎಂಬ ಆಯ್ಕೆಯನ್ನು ಸೇರಿಸಿದರೆ, ಸ್ವೇ ಆ ಅಕ್ಷರವನ್ನು ಪಟ್ಟಿಯ ಮೊದಲ ವಿನ್ಯಾಸದಲ್ಲಿ ಹುಡುಕಿ, ಅದರ ಕೀಲಿ ಸಂಖ್ಯೆಯನ್ನು ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಭಾಷೆ ಯಾವುದಿದ್ದರೂ ಆ ಕೀಲಿಯ ಕೆಲಸ ಬದಲಾಗುವುದಿಲ್ಲ. ಇಂಗ್ಲಿಷ್ ವಿನ್ಯಾಸ ಪಟ್ಟಿಯಲ್ಲಿ ಮೊದಲು ಇರಲೇಬೇಕಾದ್ದು ಈ ಕಾರಣಕ್ಕೆ. ಐಬಸ್‌ನಂತಹ ಇನ್‌ಪುಟ್ ವ್ಯವಸ್ಥೆಯ ಮೂಲಕ ಟೈಪಿಸುವವರಿಗೆ ಮೂಲ ವಿನ್ಯಾಸ ಇಂಗ್ಲಿಷಿನದೇ ಆಗಿ ಉಳಿದಿದ್ದರೆ ಈ ತೊಂದರೆ ಬರುವುದಿಲ್ಲ. ಹಿಂದಿನ ಅಕ್ಷರವನ್ನು ನೋಡಿ ಸ್ವರವನ್ನೋ ಸ್ವರಚಿಹ್ನೆಯನ್ನೋ ಆರಿಸುವ ಕಗಪ ಪದ್ಧತಿಗೆ ರೂಢಿಯಾದವರಿಗೆ ಅಂತಹ ವ್ಯವಸ್ಥೆಯೇ ಬೇಕು, ಏಕೆಂದರೆ ಸ್ವೇ ಬಳಸುವ ಎಕ್ಸ್‌ಕೆಬಿ ಎಂಬ ಕೀಲಿ ವಿನ್ಯಾಸದ ವ್ಯವಸ್ಥೆಯಲ್ಲಿ ಒಂದು ಕೀಲಿ ತನ್ನ ಹಿಂದೆ ಏನು ಬಂದಿದೆ ಎಂಬುದನ್ನು ನೋಡಲಾರದು. ಈಗ ಯಾವ ಭಾಷೆ ನಡೆಯುತ್ತಿದೆ ಎಂದು ಕಣ್ಣಿಗೆ ಕಾಣಬೇಕಾದರೆ, ವೇಬಾರ್ ಎಂಬ ಪಟ್ಟಿಯಲ್ಲಿ ಅದಕ್ಕೆಂದೇ ಒಂದು ಮಾಡ್ಯೂಲ್ ಇದೆ.

ಸ್ವೇಯ ಜೊತೆಗೆ ಬರುವ ಕಾನ್ಫಿಗ್‌ನಲ್ಲಿ ಟು-ಕೋಡ್ ಇಲ್ಲ. ಅಂತರಜಾಲದಲ್ಲಿ ಹಂಚಿಕೊಳ್ಳುವ ಅಂದವಾದ ಕಾನ್ಫಿಗ್‌ಗಳಲ್ಲಿಯೂ ಅದು ಕಾಣುವುದು ಅಪರೂಪ; ಅವುಗಳನ್ನು ಬರೆದವರಲ್ಲಿ ಬಹುಪಾಲು ಜನ ಒಂದೇ ಲಿಪಿಯಲ್ಲಿ ಟೈಪಿಸುವವರು. ಆದುದರಿಂದಲೇ, ಕನ್ನಡದಲ್ಲಿ ಕೆಲಸ ಮಾಡುವವರು ಬೇರೆಯವರ ಕಾನ್ಫಿಗ್ ಅನ್ನು ಹಾಗೆಯೇ ತಂದಿಟ್ಟುಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಸ್ವೇಯ ಮೂಲ ಕಡತವನ್ನು ನಿಮ್ಮ ಹೋಮ್ ಡೈರೆಕ್ಟರಿಯ ಕಾನ್ಫಿಗ್ ಜಾಗಕ್ಕೆ ನಕಲು ಮಾಡಿಕೊಂಡು, ಅದರೊಳಗಿನ ವಿವರಣೆಯ ಟಿಪ್ಪಣಿಗಳ ಸಮೇತ ಒಮ್ಮೆ ಪೂರ್ತಿ ಓದಿ, ಕೆಲಸದಲ್ಲಿ ಏನಾದರೂ ಅಡ್ಡ ಬಂದಾಗ ಮಾತ್ರ ಒಂದು ಸಾಲು ಸೇರಿಸುತ್ತ ಹೋಗುವುದು ಒಳ್ಳೆಯದು. ತಿದ್ದಿದ ಮೇಲೆ ಸೂಪರ್, ಶಿಫ್ಟ್ ಮತ್ತು ಸಿ ಒತ್ತಿದರೆ ಸ್ವೇ ಕಡತವನ್ನು ಮತ್ತೆ ಓದುತ್ತದೆ, ತೆರೆದ ವಿಂಡೋಗಳಿಗೆ ಏನೂ ಆಗುವುದಿಲ್ಲ. ವಿಂಡೋಗಳ ನಡುವಿನ ಅಂತರ, ಬಣ್ಣ ಮುಂತಾದ ಅಲಂಕಾರಗಳ ಬಗ್ಗೆ ನನಗೆ ಹೇಳುವುದು ಹೆಚ್ಚಿಲ್ಲ.

ಹೀಗೆ ಸೇರಿಸಿದ ಸಾಲುಗಳಲ್ಲಿ ಎರಡನ್ನು ಇಲ್ಲಿ ಹೇಳಬಹುದು. ಕರಡು ತಿದ್ದುವಾಗ ಸ್ಕ್ಯಾನ್ ಪುಟಕ್ಕೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಗಲ ಬೇಕು. ರೀಸೈಜ್ ಮೋಡ್‌ನಲ್ಲಿ ಬಾಣದ ಕೀಲಿಗಳನ್ನು ಪದೇ ಪದೇ ಒತ್ತುವ ಬದಲು, ಅಗಲವನ್ನು ನೇರವಾಗಿ ಶೇಕಡ 60ಕ್ಕೆ ನಿಲ್ಲಿಸುವ ಆದೇಶವನ್ನು ಒಂದು ಕೀಲಿಗೆ ಕಟ್ಟಿದ್ದೇನೆ. ಎರಡನೆಯದು ನಿಘಂಟಿಗೆ ಸಂಬಂಧಿಸಿದ್ದು. ಅದು ಸದಾ ಕಣ್ಣೆದುರು ಇರಬೇಕಾಗಿಲ್ಲ, ಆದರೆ ಬೇಕೆಂದಾಗ ತಡವಾಗಬಾರದು. ಸ್ವೇಯಲ್ಲಿ ಸ್ಕ್ರ್ಯಾಚ್‌ಪ್ಯಾಡ್ ಎಂಬ ಮರೆಯ ಜಾಗವಿದೆ. ಒಂದು ವಿಂಡೋವನ್ನು ಅಲ್ಲಿಗೆ ಸೇರಿಸಿಟ್ಟರೆ, ಸೂಪರ್ ಮತ್ತು ಮೈನಸ್ ಒತ್ತಿದಾಗ ಯಾವ ವರ್ಕ್‌ಸ್ಪೇಸ್‌ನಲ್ಲಿದ್ದರೂ ಅದು ಪರದೆಯ ನಡುವೆ ತೇಲಿ ಬರುತ್ತದೆ, ಮತ್ತೆ ಒತ್ತಿದರೆ ಮರೆಯಾಗುತ್ತದೆ. ನಿಘಂಟಿನ ವಿಂಡೋ ತೆರೆದ ತಕ್ಷಣ ತಾನಾಗಿಯೇ ಅಲ್ಲಿಗೆ ಹೋಗುವಂತೆ ಫಾರ್-ವಿಂಡೋ ನಿಯಮವೊಂದನ್ನು ಬರೆದಿದ್ದೇನೆ. ಅದಕ್ಕೆ ಬೇಕಾದ ವಿಂಡೋದ ಗುರುತು ಸಿಗುವುದು ಸ್ವೇ ತನ್ನ ಮರವನ್ನು ಪಠ್ಯವಾಗಿ ತೋರಿಸುವ ಗೆಟ್-ಟ್ರೀ ಆದೇಶದಿಂದ; ವೇಲ್ಯಾಂಡ್‌ನ ಪ್ರೋಗ್ರಾಂಗಳಿಗೆ ಅಲ್ಲಿ ಆಪ್ ಐಡಿ ಇರುತ್ತದೆ, ಹಳೆಯ ಎಕ್ಸ್11 ಪ್ರೋಗ್ರಾಂಗಳಿಗೆ ಕ್ಲಾಸ್ ಇರುತ್ತದೆ.

ಕನ್ನಡ ಅಕ್ಷರಗಳು ಸರಿಯಾಗಿ ಮೂಡುವ ವಿಷಯದಲ್ಲಿ ಸ್ವೇ ನೆಮ್ಮದಿ ಕೊಡುತ್ತದೆ. ವಿಂಡೋಗಳ ಶೀರ್ಷಿಕೆ ಮತ್ತು ಅಂಚಿನ ಪಟ್ಟಿಯನ್ನು ಅದು ಅಕ್ಷರಗಳನ್ನು ಕೂಡಿಸಿ ರೂಪಿಸುವ ಪ್ಯಾಂಗೋ ಲೈಬ್ರರಿಯ ಮೂಲಕ ಬರೆಯುವುದರಿಂದ ಒತ್ತಕ್ಷರಗಳು ಒಡೆಯುವುದಿಲ್ಲ. ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ಲೋಹಿತ್, ನವಿಲು, ಗುಬ್ಬಿ ಫಾಂಟ್‌ಗಳ ಪ್ಯಾಕೇಜ್‌ಗಳು ಸಿದ್ಧವಾಗಿವೆ. ಫಾಂಟ್ ಸಾಲಿನಲ್ಲಿ ಹೆಸರು ಕೊಟ್ಟರೆ ಸಾಕು. ಐ3 ಜೊತೆಗೆ ಹೆಚ್ಚಿನವರು ಪಟ್ಟಿಯಿಂದ ಆರಿಸಲು ಬಳಸುವ ಡಿಮೆನುವಿನಲ್ಲಿ ಈ ಅನುಕೂಲವಿಲ್ಲ: ಅದು ನೆಚ್ಚಿಕೊಂಡಿರುವ ಎಕ್ಸ್‌ಎಫ್‌ಟಿಗೆ ಅಕ್ಷರಗಳನ್ನು ಕೂಡಿಸಿ ರೂಪಿಸುವ ಶಕ್ತಿಯಿಲ್ಲ. ಕನ್ನಡ ಹೆಸರಿನ ಕಡತಗಳನ್ನು ಪಟ್ಟಿಯಿಂದ ಆರಿಸುವವರು ಅದರ ಬದಲು ಪ್ಯಾಂಗೋ ಬಳಸುವ ರೋಫಿಯನ್ನೋ, ಸ್ವೇಯಲ್ಲಾದರೆ ಡಬ್ಲ್ಯೂಮೆನುವನ್ನೋ ಇಟ್ಟುಕೊಳ್ಳಬೇಕು.

ಆದೇಶಗಳನ್ನು ಟೈಪಿಸಿ ನಡೆಸುವ ಟರ್ಮಿನಲ್‌ನ ತೊಂದರೆಯನ್ನು ಯಾವ ವಿಂಡೋ ಮ್ಯಾನೇಜರ್ ಕೂಡ ಪರಿಹರಿಸಲಾರದು. ಟರ್ಮಿನಲ್ ತನ್ನ ಪರದೆಯನ್ನು ಸಮ ಅಗಲದ ಚೌಕಗಳಾಗಿ ಹಂಚುತ್ತದೆ, ಕನ್ನಡದ ಅಕ್ಷರಗಳು ಆ ಲೆಕ್ಕಕ್ಕೆ ಬಗ್ಗುವುದಿಲ್ಲ. ಸ್ತ್ರೀ ಎಂಬ ಒಂದೇ ಅಕ್ಷರಕ್ಕೆ ಯೂನಿಕೋಡ್‌ನಲ್ಲಿ ಆರು ಸಂಕೇತಗಳಿವೆ. ಅದು ಎಷ್ಟು ಚೌಕ ತೆಗೆದುಕೊಳ್ಳಬೇಕೆಂಬ ವಿಷಯದಲ್ಲಿ ಟರ್ಮಿನಲ್ ಒಂದು ಲೆಕ್ಕ ಹಿಡಿದರೆ ಅದರೊಳಗಿನ ಎಡಿಟರ್ ಇನ್ನೊಂದು ಹಿಡಿಯುತ್ತದೆ, ಕರ್ಸರ್ ನಿಂತ ಜಾಗಕ್ಕೂ ಅಳಿಸಿಹೋಗುವ ಅಕ್ಷರಕ್ಕೂ ಹೊಂದಾಣಿಕೆ ತಪ್ಪುತ್ತದೆ. ಟೈಲಿಂಗ್ ಬಳಸುವವರಲ್ಲಿ ಎಲ್ಲವನ್ನೂ ಟರ್ಮಿನಲ್‌ನಲ್ಲಿಯೇ ಮಾಡುವ ರೂಢಿ ಬಲವಾಗಿದೆ, ಆದರೆ ಕನ್ನಡ ಪಠ್ಯವನ್ನು ತಿದ್ದಲು ಅದು ಸರಿಯಾದ ಜಾಗವಲ್ಲ. ಜಿಟಿಕೆ ಅಥವಾ ಕ್ಯೂಟಿ ಎಂಬ ಚಿತ್ರಾತ್ಮಕ ಸಲಕರಣೆಗಳಲ್ಲಿ ಬರೆದ ಯಾವುದೇ ಸಾಧಾರಣ ಎಡಿಟರ್ ಸ್ವೇಯ ಒಂದು ಚೌಕಟ್ಟಿನಲ್ಲಿ ಟರ್ಮಿನಲ್‌ನಷ್ಟೇ ಅಚ್ಚುಕಟ್ಟಾಗಿ ಕೂರುತ್ತದೆ, ಅದೇ ಕೀಲಿಗಳಿಗೆ ಓಗೊಡುತ್ತದೆ. ಪಠ್ಯ ಅಲ್ಲಿರಲಿ, ಟರ್ಮಿನಲ್ ಆದೇಶಗಳಿಗಷ್ಟೇ ಇರಲಿ.